ಮೊದಲ ಮಹಾಯುದ್ಧದ ಕಾರಣಗಳು: 1914ರ ಜುಲೈ ತಿಂಗಳನ್ನು ಗಮನವಿಟ್ಟು ಓದಿ

ಮೊದಲ ಮಹಾಯುದ್ಧ ಯಾಕೆ ಆಯ್ತು ಅಂತ ಪರೀಕ್ಷೆಯಲ್ಲಿ ಕೇಳಿದರೆ ಜಾಸ್ತಿ ಜನ ಬರೆಯುವುದು ಒಂದೇ ಉತ್ತರ: ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್‌ನ ಕೊಲೆ. ಆದರೆ ಕೊಲೆ ನಡೆದದ್ದು 1914ರ ಜೂನ್ 28ರಂದು. ಕೊಲೆಗೆ ಸರ್ಬಿಯಾವನ್ನು ದೂರಿದ ಆಸ್ಟ್ರಿಯಾ-ಹಂಗೇರಿ ಅದರ ಮೇಲೆ ಯುದ್ಧ ಸಾರಿದ್ದು ಜುಲೈ 28ರಂದು. ನಡುವೆ ಪೂರ್ತಿ ಒಂದು ತಿಂಗಳಿದೆ, ಅಲ್ವಾ? ನಿಜವಾದ ವಿಷಯ ಇರುವುದು ಅಲ್ಲೇ.

ಹಳೆಯ ಕಾರಣಗಳನ್ನು ಬೇಗ ನೋಡಿಬಿಡೋಣ. 1871ರಲ್ಲಿ ಜರ್ಮನಿ ಫ್ರಾನ್ಸಿನಿಂದ ಅಲ್ಸೇಸ್-ಲೊರೇನ್ ಎಂಬ ಗಡಿ ಪ್ರದೇಶವನ್ನು ಕಿತ್ತುಕೊಂಡಿತ್ತು. 1882ರಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿ ಒಂದು ಬಣವಾದವು. 1907ರ ಹೊತ್ತಿಗೆ ಫ್ರಾನ್ಸ್, ರಷ್ಯಾ, ಬ್ರಿಟನ್ ಇನ್ನೊಂದು ಕಡೆ ಸೇರಿದವು. ಜರ್ಮನಿ ಯುದ್ಧನೌಕೆಗಳನ್ನು ಕಟ್ಟುತ್ತಾ ಹೋದಂತೆ ಬ್ರಿಟನ್ನಿಗೆ ದಿಗಿಲು ಹೆಚ್ಚಿತು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ನುಂಗಿದ್ದು ಸರ್ಬಿಯಾವನ್ನು ಕೆರಳಿಸಿತು.

ಇವೆಲ್ಲ ಮುಖ್ಯವೇ. ಆದರೆ ಬಣಗಳು ಇದ್ದ ಮಾತ್ರಕ್ಕೆ ಯುದ್ಧ ಆಗಲೇಬೇಕು ಅಂತಿಲ್ಲ. 1905 ಮತ್ತು 1911ರಲ್ಲಿ ಮೊರಾಕೊ ವಿಷಯಕ್ಕೆ ಫ್ರಾನ್ಸ್-ಜರ್ಮನಿ ನಡುವೆ ಎದ್ದ ಬಿಕ್ಕಟ್ಟುಗಳು ಯುದ್ಧವಿಲ್ಲದೆ ಮುಗಿದವು. 1914ರಲ್ಲಿ ಇಟಲಿ ತನ್ನ ಬಣದ ಜೊತೆ ಯುದ್ಧಕ್ಕೆ ಇಳಿಯಲೇ ಇಲ್ಲ.

ಹಾಗಾದರೆ ಈ ಸಲ ಬೇರೆ ಏನಾಯ್ತು? ಜುಲೈ ಮೊದಲ ವಾರದಲ್ಲೇ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್, ಏನೇ ಆದರೂ ನಿಮ್ಮ ಬೆನ್ನಿಗಿದ್ದೇವೆ ಅಂತ ಆಸ್ಟ್ರಿಯಾಕ್ಕೆ ಮಾತು ಕೊಟ್ಟ. ಆ ಧೈರ್ಯದ ಮೇಲೆ ಜುಲೈ 23ಕ್ಕೆ ಆಸ್ಟ್ರಿಯಾ ಸರ್ಬಿಯಾಕ್ಕೆ 48 ಗಂಟೆಗಳ ಗಡುವು ಕೊಟ್ಟಿತು. ಸರ್ಬಿಯಾ ಹೆಚ್ಚಿನ ಷರತ್ತುಗಳಿಗೆ ತಲೆಬಾಗಿತು. ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಕೊಲೆಯ ತನಿಖೆಗೆ ಇಳಿಯುವುದನ್ನು ಮಾತ್ರ ಒಪ್ಪಲಿಲ್ಲ. ಆಸ್ಟ್ರಿಯಾಕ್ಕೆ ಅಷ್ಟೇ ಸಾಕಾಯ್ತು.

ಆಮೇಲಿನ ಓಟವನ್ನು ನಡೆಸಿದ್ದು ಸೈನ್ಯ ಸಾಗಿಸುವ ರೈಲು ವೇಳಾಪಟ್ಟಿಗಳು. ಜರ್ಮನಿಯ ಯೋಜನೆ ಹೀಗಿತ್ತು: ರಷ್ಯಾ ದೊಡ್ಡ ದೇಶ, ಸೈನ್ಯ ಸೇರಿಸಲು ನಿಧಾನ; ಅಷ್ಟರೊಳಗೆ, ಸುಮಾರು ಆರು ವಾರಗಳಲ್ಲಿ, ಬೆಲ್ಜಿಯಂ ಮೂಲಕ ನುಗ್ಗಿ ಫ್ರಾನ್ಸನ್ನು ಸೋಲಿಸಿಬಿಡಬೇಕು. ಹಾಗಾಗಿ ಜುಲೈ 30ಕ್ಕೆ ರಷ್ಯಾ ಪೂರ್ತಿ ಸೈನ್ಯ ಸೇರಿಸಲು ಆದೇಶ ಕೊಟ್ಟಾಗ ಜರ್ಮನಿಗೆ ಒಂದೊಂದು ದಿನವೂ ನಷ್ಟದಂತೆ ಕಂಡಿತು. ಆಗಸ್ಟ್ 1ಕ್ಕೆ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸಿನ ಮೇಲೆ ಯುದ್ಧ ಸಾರಿತು. ಜಗಳ ಶುರುವಾದದ್ದು ಸರ್ಬಿಯಾದಲ್ಲಿ, ಸೈನ್ಯ ನುಗ್ಗಿದ್ದು ಬೆಲ್ಜಿಯಂಗೆ! ಈ ವಿಚಿತ್ರ ಅರ್ಥವಾಗಬೇಕಾದರೆ ಆ ಯೋಜನೆ ತಿಳಿದಿರಲೇಬೇಕು. ಬೆಲ್ಜಿಯಂ ತಟಸ್ಥವಾಗಿರುತ್ತದೆ ಅಂತ 1839ರ ಒಪ್ಪಂದದಲ್ಲಿ ಭರವಸೆ ಕೊಟ್ಟಿದ್ದ ಬ್ರಿಟನ್, ಆಗಸ್ಟ್ 4ಕ್ಕೆ ಕಣಕ್ಕಿಳಿಯಿತು.

ಹೊಣೆ ಯಾರದು ಅನ್ನುವ ಪ್ರಶ್ನೆ ಬಂದರೆ, ಹೆಚ್ಚಿನ ಪಾಲು ವಿಯೆನ್ನಾ ಮತ್ತು ಬರ್ಲಿನ್‌ನದು, ಅಂದರೆ ಆಸ್ಟ್ರಿಯಾ ಮತ್ತು ಜರ್ಮನಿಯ ಸರ್ಕಾರಗಳದು, ಅನ್ನುವುದು ನನ್ನ ಅಭಿಪ್ರಾಯ. ಸರ್ಬಿಯಾದ ಉತ್ತರ ಬಂದ ಮೇಲೂ ನಿಲ್ಲಲು ಅವರಿಗೆ ಅವಕಾಶವಿತ್ತು. ಆದರೂ ಉತ್ತರ ಬರೆಯುವಾಗ ರಷ್ಯಾದ ಜುಲೈ 30ರ ಆದೇಶವನ್ನು ಬಿಡಬೇಡಿ. ಹೊಣೆಯಲ್ಲಿ ಯಾರ ಪಾಲು ಎಷ್ಟು ಅನ್ನುವ ಇತಿಹಾಸಕಾರರ ವಾದ ಇಂದಿಗೂ ನಡೆಯುತ್ತಿದೆ.