ಮನೆ ಕಂಪ್ಯೂಟರ್‌ಗೆ ಇಂಟರ್ನೆಟ್ ಬರದಿದ್ದಾಗ ಎಲ್ಲಿಂದ ಹುಡುಕಬೇಕು: ನೆಟ್‌ವರ್ಕಿಂಗ್ ಕಲಿಯುವವರಿಗೆ ಟಿಪ್ಪಣಿ

ಲೇಯರ್‌ಗಳ ಹೆಸರು ಬಾಯಿಪಾಠ ಮಾಡಿರುತ್ತೇವೆ, ಸಬ್‌ನೆಟ್ ಲೆಕ್ಕ ಬಿಡಿಸಿರುತ್ತೇವೆ. ಆದರೆ ಮನೆಯಲ್ಲಿ ಇಂಟರ್ನೆಟ್ ನಿಂತ ಕೂಡಲೇ ಕೈ ಹೋಗುವುದು ರೌಟರ್ ಸ್ವಿಚ್ ಕಡೆಗೇ, ಅಲ್ವಾ? ಆಫ್ ಮಾಡಿ ಆನ್ ಮಾಡುವುದು ತಪ್ಪೇನಲ್ಲ, ಎಷ್ಟೋ ಸಲ ಅದರಿಂದಲೇ ಸರಿಹೋಗುತ್ತದೆ. ಆದರೆ ಹಾಗೆ ಸರಿಹೋದಾಗ ಏನು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ, ಮುಂದಿನ ವಾರ ಮತ್ತೆ ನಿಂತರೆ ಮತ್ತೆ ಮೊದಲಿನಿಂದ ತಡಕಾಡಬೇಕು. ಕಲಿಯುವವರಿಗೆ ಕೆಟ್ಟ ಕನೆಕ್ಷನ್‌ಗಿಂತ ಒಳ್ಳೆಯ ಲ್ಯಾಬ್ ಇನ್ನೊಂದಿಲ್ಲ. ಅದಕ್ಕೇ ಸ್ವಿಚ್ ಮುಟ್ಟುವ ಮೊದಲು ಸ್ವಲ್ಪ ಹೊತ್ತು ನೋಡಿ.

ನೋಡಬೇಕಾದ ಪ್ರಶ್ನೆ ಒಂದೇ. ಕಂಪ್ಯೂಟರ್‌ನಿಂದ ಹೊರಟ ಡೇಟಾ ಎಲ್ಲಿಯವರೆಗೆ ಹೋಗುತ್ತಿದೆ, ಎಲ್ಲಿ ನಿಲ್ಲುತ್ತಿದೆ? ದಾರಿ ಹೀಗಿದೆ: ಕಂಪ್ಯೂಟರ್ ಒಳಗಿನ ನೆಟ್‌ವರ್ಕ್ ಅಡಾಪ್ಟರ್, ಆಮೇಲೆ ಕೇಬಲ್ ಅಥವಾ ವೈಫೈ, ಆಮೇಲೆ ರೌಟರ್, ಮೋಡೆಮ್ ಅಥವಾ ಫೈಬರ್ ಬಾಕ್ಸ್, ಅಲ್ಲಿಂದ ಕನೆಕ್ಷನ್ ಕೊಟ್ಟ ಕಂಪನಿಯ ಜಾಲ, ಕೊನೆಗೆ ಹೊರಜಗತ್ತು. ಪ್ರತಿ ಪರೀಕ್ಷೆಯೂ ಈ ದಾರಿಯ ಒಂದು ಭಾಗವನ್ನು ಅನುಮಾನದಿಂದ ಬಿಡಿಸಬೇಕು. ಹಾಗೆ ಬಿಡಿಸದ ಪರೀಕ್ಷೆ ಮಾಡಿ ಉಪಯೋಗವಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಲಸ ಉಳಿಸುವುದು ತೀರಾ ಸುಲಭದ ಪರೀಕ್ಷೆ. ಅದೇ ವೈಫೈಗೆ ಸೇರಿದ ಇನ್ನೊಂದು ಸಾಧನದಲ್ಲಿ, ಅಂದರೆ ಫೋನ್‌ನಲ್ಲಿ, ಒಂದು ಪುಟ ತೆರೆದು ನೋಡಿ. ಮೊದಲು ಮೊಬೈಲ್ ಡೇಟಾ ಆಫ್ ಮಾಡಿ, ಇಲ್ಲದಿದ್ದರೆ ವೈಫೈ ಸತ್ತಿದ್ದರೂ ಫೋನ್ ಸದ್ದಿಲ್ಲದೆ ಡೇಟಾಕ್ಕೆ ಹಾರಿ ಪುಟ ತೋರಿಸಿಬಿಡುತ್ತದೆ, ನೀವು ಕಂಪ್ಯೂಟರನ್ನು ಸುಮ್ನೆ ಬೈಯುತ್ತಾ ಕೂರುತ್ತೀರಿ. ಫೋನ್‌ನಲ್ಲಿ ಬಂದರೆ ರೌಟರ್ ಮತ್ತು ಹೊರಗಿನ ಲೈನ್ ಬಹುಪಾಲು ಸರಿ ಇದೆ, ತೊಂದರೆ ಕಂಪ್ಯೂಟರ್‌ನಲ್ಲಿದೆ ಅಥವಾ ಅದರಿಂದ ರೌಟರ್‌ವರೆಗಿನ ತುಣುಕಿನಲ್ಲಿದೆ. ಫೋನ್‌ನಲ್ಲೂ ಬರದಿದ್ದರೆ ಕಂಪ್ಯೂಟರ್ ಸೆಟ್ಟಿಂಗ್ ಮುಟ್ಟಲೇಬೇಡಿ. ಇದನ್ನು ತಿರುಗಿಸಿಯೂ ಮಾಡಬಹುದು: ಮೊಬೈಲ್ ಡೇಟಾ ಮತ್ತೆ ಆನ್ ಮಾಡಿ, ಫೋನ್‌ನ ಹಾಟ್‌ಸ್ಪಾಟ್ ಹಾಕಿ ಕಂಪ್ಯೂಟರನ್ನು ಅದಕ್ಕೆ ಸೇರಿಸಿ. ಅಲ್ಲಿ ಇಂಟರ್ನೆಟ್ ಬಂದರೆ ಬ್ರೌಸರ್, ವೈಫೈ ಕಾರ್ಡ್, ಡ್ರೈವರ್ ಎಲ್ಲ ಕೆಲಸ ಮಾಡುತ್ತಿವೆ ಅಂತಾಯಿತು.

ತೊಂದರೆ ಲೈನ್ ಕಡೆಗಿದ್ದರೆ ದೀಪಗಳನ್ನು ಓದಿ. ಫೈಬರ್ ಬಾಕ್ಸ್‌ನಲ್ಲಿ ಎಲ್‌ಒಎಸ್ ಅಂತ ಬರೆದ ದೀಪ ಕೆಂಪಾಗಿದ್ದರೆ ಬೆಳಕಿನ ಸಿಗ್ನಲ್ಲೇ ಬಾಕ್ಸ್ ತಲುಪುತ್ತಿಲ್ಲ ಎಂದರ್ಥ. ಎಲ್ಲೋ ಫೈಬರ್ ತುಂಡಾಗಿರಬಹುದು, ಜೋರಾಗಿ ಮಡಚಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು. ಮೇಜಿನ ಹಿಂದೆ ಫೈಬರ್ ಚೂಪಾಗಿ ಬಾಗಿದ್ದರೆ ಮೆಲ್ಲಗೆ ಬಿಡಿಸಿ, ಅಷ್ಟು ಸಾಕು. ಬಿಚ್ಚಿದ ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಹಾನಿ ಮಾಡಬಲ್ಲದು. ಪಿಒಎನ್ ದೀಪ ಮಿನುಗುತ್ತಲೇ ಇದ್ದರೆ ಬಾಕ್ಸ್ ಇನ್ನೂ ಕಂಪನಿಯ ಉಪಕರಣದ ಜೊತೆ ನೋಂದಣಿಗೆ ಪ್ರಯತ್ನಿಸುತ್ತಿದೆ. ಇವೆರಡೂ ನಮ್ಮ ಕೈಯಲ್ಲಿ ರಿಪೇರಿ ಆಗುವಂಥದ್ದಲ್ಲ, ಕಂಪನಿಗೆ ಹೇಳಬೇಕು.

ರೀಸ್ಟಾರ್ಟ್ ಮಾಡುವುದೇ ಆದರೆ ಕ್ರಮ ಇದೆ. ಮೋಡೆಮ್ ಮತ್ತು ರೌಟರ್ ಬೇರೆ ಬೇರೆ ಇದ್ದರೆ ಎರಡನ್ನೂ ಆಫ್ ಮಾಡಿ, ಮೊದಲು ಮೋಡೆಮ್ ಹಾಕಿ, ಅದರ ದೀಪಗಳು ಸ್ಥಿರವಾದ ಮೇಲೆ ರೌಟರ್ ಹಾಕಿ. ಆಗ ರೌಟರ್ ಹೊಸದಾಗಿ ಕಂಪನಿಯ ಜೊತೆ ಸೆಷನ್ ಶುರುಮಾಡುತ್ತದೆ, ಹಳೆಯ ಕನೆಕ್ಷನ್‌ಗಳ ಪಟ್ಟಿ ಖಾಲಿಯಾಗುತ್ತದೆ. ರೀಸ್ಟಾರ್ಟ್ ಕೆಲಸ ಮಾಡುವುದು ಇದಕ್ಕೇ. ಆದರೆ ಪಿನ್ ಚುಚ್ಚಿ ಒತ್ತುವ ಆ ಸಣ್ಣ ರೀಸೆಟ್ ತೂತು ಬೇರೆ ವಿಷಯ. ಅದು ಎಲ್ಲ ಸೆಟ್ಟಿಂಗ್ ಅಳಿಸುತ್ತದೆ, ಕನೆಕ್ಷನ್‌ಗೆ ಬೇಕಾದ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ರೌಟರ್‌ನಲ್ಲಿದ್ದರೆ ಅದೂ ಹೋಗುತ್ತದೆ. ಅದನ್ನು ಬರೆದಿಟ್ಟುಕೊಳ್ಳದೆ ಒತ್ತಬೇಡಿ.

ಇನ್ನು ತೊಂದರೆ ಕಂಪ್ಯೂಟರ್ ಕಡೆಗಿದ್ದರೆ. ಕೇಬಲ್ ಹಾಕಿದ್ದರೆ ಪೋರ್ಟ್ ಪಕ್ಕದ ಸಣ್ಣ ದೀಪ ಉರಿಯುತ್ತಿದೆಯೇ ನೋಡಿ, ಉರಿಯದಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಿ. ಒಂದು ಸ್ವಾರಸ್ಯ ಇಲ್ಲಿದೆ: ನೆಟ್‌ವರ್ಕ್ ಕೇಬಲ್ ಒಳಗೆ 8 ತಂತಿ ಇರುತ್ತವೆ, ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ 4 ಸಾಕು, ಗಿಗಾಬಿಟ್‌ಗೆ 8 ಕೂಡ ಬೇಕು. ಹಾಗಾಗಿ ಒಂದು ತಂತಿ ಕೆಟ್ಟರೆ ಕನೆಕ್ಷನ್ ಪೂರ್ತಿ ನಿಲ್ಲದೆ ಬರೀ 100ಕ್ಕೆ ಇಳಿದು ಕೂರಬಹುದು. ವೈಫೈ ಆದರೆ ಏರೋಪ್ಲೇನ್ ಮೋಡ್ ನೋಡಿ, ಪಾಸ್‌ವರ್ಡ್ ಬದಲಾಗಿದ್ದರೆ ಆ ನೆಟ್‌ವರ್ಕನ್ನು ಮರೆಯುವಂತೆ ಹೇಳಿ ಮತ್ತೆ ಸೇರಿಸಿ. ಎರಡು ಗೋಡೆ ಆಚೆ ಕೂತಿದ್ದರೆ 5 ಗಿಗಾಹರ್ಟ್ಸ್ ಬಿಟ್ಟು 2.4 ಗಿಗಾಹರ್ಟ್ಸ್‌ಗೆ ಹೋಗಿ, ವೇಗ ಕಮ್ಮಿಯಾದರೂ ಅದು ದೂರ ಹೋಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಐಪಿ ವಿಳಾಸ ಓದುವುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ. ಐಪಿವಿ4 ವಿಳಾಸ 192.168 ಅಥವಾ 10ರಿಂದ ಶುರುವಾಗಿದ್ದು, ಡಿಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಮನೆಯಲ್ಲಿ ಅದು ರೌಟರೇ) ಅನ್ನುವ ಜಾಗದಲ್ಲೂ ಒಂದು ವಿಳಾಸ ಇದ್ದರೆ, ರೌಟರ್ ನಿಮಗೆ ವಿಳಾಸ ಕೊಟ್ಟಿದೆ ಎಂದುಕೊಳ್ಳಬಹುದು. ವಿಳಾಸ 169.254ರಿಂದ ಶುರುವಾಗಿದ್ದರೆ ಕಥೆ ಬೇರೆ. ಕಂಪ್ಯೂಟರ್ ಡಿಎಚ್‌ಸಿಪಿ (ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಮೂಲಕ "ನನಗೊಂದು ವಿಳಾಸ ಕೊಡಿ" ಅಂತ ಕೇಳಿದೆ, ಯಾರೂ ಉತ್ತರ ಕೊಟ್ಟಿಲ್ಲ, ಕೊನೆಗೆ ತಾನೇ ಒಂದನ್ನು ಹಾಕಿಕೊಂಡಿದೆ. ಆ ವಿಳಾಸದಿಂದ ಇಂಟರ್ನೆಟ್‌ಗೆ ಹೋಗಲು ಆಗುವುದಿಲ್ಲ. ಇಷ್ಟು ಕಂಡರೆ ಬ್ರೌಸರ್, ಡಿಎನ್‌ಎಸ್ (ವೆಬ್‌ಸೈಟ್ ಹೆಸರನ್ನು ಸಂಖ್ಯೆ ಮಾಡಿಕೊಡುವ ವ್ಯವಸ್ಥೆ) ಯಾವುದನ್ನೂ ಅನುಮಾನಿಸಬೇಡಿ, ಕೇಳಿದ ಮಾತು ರೌಟರ್‌ಗೆ ಮುಟ್ಟುತ್ತಿಲ್ಲ ಅಥವಾ ರೌಟರ್‌ನ ಡಿಎಚ್‌ಸಿಪಿ ಕೈಕೊಟ್ಟಿದೆ. ಐಪಿಕಾನ್ಫಿಗ್ ಜೊತೆ ಸ್ಲ್ಯಾಶ್ ರಿಲೀಸ್ (ipconfig /release), ಆಮೇಲೆ ಸ್ಲ್ಯಾಶ್ ರಿನ್ಯೂ (ipconfig /renew) ಕೊಟ್ಟು ಮತ್ತೆ ಕೇಳಿಸಿ. ಮೂರನೆಯ ಸಾಧ್ಯತೆ, ಹಿಂದೆ ಯಾರೋ ಕೈಯಾರೆ ಒಂದು ವಿಳಾಸ ಹಾಕಿಟ್ಟು, ಈಗ ರೌಟರ್ ಬದಲಾಗಿ ಅದು ಹೊಂದದೆ ಇರುವುದು. ಉದಾಹರಣೆಗೆ ಕಂಪ್ಯೂಟರ್ 192.168.0ರ ಗುಂಪಿನಲ್ಲಿ, ರೌಟರ್ 192.168.1ರ ಗುಂಪಿನಲ್ಲಿ. ನೋಡಲು ಎಲ್ಲ ಸರಿ ಅನ್ನಿಸುತ್ತದೆ, ಒಂದಂಕಿಯ ವ್ಯತ್ಯಾಸ. ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ವಿಳಾಸ ತಾನಾಗಿಯೇ ಪಡೆಯುವ ಆಯ್ಕೆ ಹಾಕಿದರೆ ಮುಗಿಯಿತು.

ವಿಳಾಸ ಸರಿ ಇದ್ದರೆ ಪಿಂಗ್ (ping), ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡುವುದು. 1983ರಲ್ಲಿ ಮೈಕ್ ಮೂಸ್ ಬರೆದ ಈ ಸಣ್ಣ ಪ್ರೋಗ್ರಾಂ ಇವತ್ತಿಗೂ ಇದೇ ಕೆಲಸಕ್ಕೆ ಬರುತ್ತಿದೆ. ಹತ್ತಿರದಿಂದ ದೂರಕ್ಕೆ ಹೋಗಿ. ಮೊದಲು 127.0.0.1, ಇದು ನಿಮ್ಮ ಕಂಪ್ಯೂಟರೇ, ಇದಕ್ಕೇ ಉತ್ತರ ಬರದಿದ್ದರೆ ನೆಟ್‌ವರ್ಕ್ ಸಾಫ್ಟ್‌ವೇರ್ ಕೆಟ್ಟಿದೆ. ಆಮೇಲೆ ಗೇಟ್‌ವೇ ವಿಳಾಸ. ಆಮೇಲೆ ಹೊರಗಿನ ಒಂದು ಸಂಖ್ಯೆ, 8.8.8.8 ಅಥವಾ 1.1.1.1. ಕೊನೆಗೆ ಒಂದು ವೆಬ್‌ಸೈಟ್ ಹೆಸರು. ಎಲ್ಲಿ ಉತ್ತರ ನಿಂತಿತೋ ಅದಕ್ಕೂ ಅದರ ಹಿಂದಿನದಕ್ಕೂ ನಡುವೆ ಹುಡುಕಿ. ಬರುವ ಸಂದೇಶವನ್ನು ಪೂರ್ತಿ ಓದಿ. ರಿಕ್ವೆಸ್ಟ್ ಟೈಮ್ಡ್ ಔಟ್ ಅಂದರೆ ಕಾದರೂ ಉತ್ತರ ಬರಲಿಲ್ಲ. ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್ ಅಂದರೆ ಅಲ್ಲಿಗೆ ತಲುಪಿಸಲು ಆಗುತ್ತಿಲ್ಲ ಅಂತ ಯಾರೋ ಹೇಳುತ್ತಿದ್ದಾರೆ. ಆ ಸಾಲಿನಲ್ಲಿರುವ ವಿಳಾಸ ನಿಮ್ಮದೇ ಆಗಿದ್ದರೆ ಹೇಳುತ್ತಿರುವುದು ನಿಮ್ಮ ಕಂಪ್ಯೂಟರೇ, ಕಳಿಸಿದ ಪ್ಯಾಕೆಟ್, ಅಂದರೆ ಡೇಟಾ ತುಣುಕು, ಕಂಪ್ಯೂಟರನ್ನೇ ಬಿಟ್ಟಿಲ್ಲ. ಒಂದು ಎಚ್ಚರ: ಕೆಲವು ರೌಟರ್, ಸರ್ವರ್‌ಗಳು ಪಿಂಗ್‌ಗೆ ಬೇಕೆಂದೇ ಉತ್ತರ ಕೊಡುವುದಿಲ್ಲ. ಅದಕ್ಕೆ ಒಂದೇ ಕಡೆ ಫೇಲ್ ಆದರೆ ತೀರ್ಮಾನ ಮಾಡಬೇಡಿ, ಇನ್ನೊಂದು ವಿಳಾಸ ನೋಡಿ.

8.8.8.8ಕ್ಕೆ ಉತ್ತರ ಬರುತ್ತಿದೆ, ಹೆಸರಿಗೆ ಮಾತ್ರ ಬರುತ್ತಿಲ್ಲ ಅಂದರೆ ಅದು ಡಿಎನ್‌ಎಸ್ ತೊಂದರೆ. ಇಂಟರ್ನೆಟ್ ಬರುತ್ತಿದೆ, ಹೆಸರನ್ನು ಸಂಖ್ಯೆ ಮಾಡಿಕೊಡುವವರು ಸಿಗುತ್ತಿಲ್ಲ ಅಷ್ಟೇ. ಫೋನ್ ಕೆಲಸ ಮಾಡುತ್ತಿದೆ ಆದರೆ ಫೋನ್‌ಬುಕ್ ಕಳೆದುಹೋಗಿದೆ ಅನ್ನುವ ಹಾಗೆ. ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್ (ipconfig /flushdns) ಕೊಟ್ಟು ಹಳೆಯ ನೆನಪು ಅಳಿಸಿ. ಸಾಲದಿದ್ದರೆ ಅಡಾಪ್ಟರ್‌ನಲ್ಲಿ ಡಿಎನ್‌ಎಸ್ ಸರ್ವರ್ ಅಂತ 8.8.8.8 ಅಥವಾ 1.1.1.1 ಹಾಕಿ. ಮೊದಲನೆಯದು ಗೂಗಲ್ 2009ರಲ್ಲಿ ಶುರುಮಾಡಿದ್ದು, ಎರಡನೆಯದು ಕ್ಲೌಡ್‌ಫ್ಲೇರ್ 2018ರಲ್ಲಿ. ಈಗಿನ ಬ್ರೌಸರ್‌ಗಳಲ್ಲಿ ಸೆಕ್ಯೂರ್ ಡಿಎನ್‌ಎಸ್ ಅನ್ನುವ ಸೆಟ್ಟಿಂಗ್ ಇರುತ್ತದೆ, ಅದು ಆನ್ ಇದ್ದರೆ ಬ್ರೌಸರ್ ಹೆಸರುಗಳನ್ನು ತನ್ನದೇ ದಾರಿಯಲ್ಲಿ ಕೇಳಬಹುದು. ಹಾಗಾಗಿ ಬ್ರೌಸರ್ ಓಡುತ್ತಾ ಬೇರೆ ಪ್ರೋಗ್ರಾಂ ನಿಂತಿರುವುದು, ಅಥವಾ ಇದರ ಉಲ್ಟಾ, ಎರಡೂ ಸಾಧ್ಯ. ಇದು ಗೊತ್ತಿಲ್ಲದಿದ್ದರೆ ತಲೆ ಕೆಡುತ್ತದೆ.

ಪಿಂಗ್ ಎಲ್ಲ ಸರಿ, ಪುಟ ಮಾತ್ರ ತೆರೆಯುತ್ತಿಲ್ಲ. ಆಗ ಮೊದಲು ಗಡಿಯಾರ ನೋಡಿ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಪುಟಗಳ ಸರ್ಟಿಫಿಕೇಟ್‌ಗಳು ಅವಧಿ ಮುಗಿದಂತೆ ಅಥವಾ ಇನ್ನೂ ಶುರುವಾಗದಂತೆ ಕಾಣುತ್ತವೆ, ಬ್ರೌಸರ್ ಬಾಗಿಲು ಹಾಕುತ್ತದೆ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತರೆ ಪ್ರತಿ ಸಲ ಪ್ಲಗ್ ಕಿತ್ತಾಗಲೂ ಹೀಗಾಗುತ್ತದೆ. ಆಮೇಲೆ ಪ್ರಾಕ್ಸಿ (ಸಂಚಾರವನ್ನು ನಡುವಿನ ಇನ್ನೊಂದು ಕಂಪ್ಯೂಟರ್ ಮೂಲಕ ಕಳಿಸುವುದು) ಸೆಟ್ಟಿಂಗ್ ನೋಡಿ, ಕೆಟ್ಟ ಸಾಫ್ಟ್‌ವೇರ್ ಹೋದ ಮೇಲೂ ಅದು ಹಾಕಿದ ಪ್ರಾಕ್ಸಿ ಉಳಿದಿರಬಹುದು. ವಿಪಿಎನ್ ಇದ್ದರೆ ಪೂರ್ತಿ ಮುಚ್ಚಿ ನೋಡಿ. ಕೆಲವು ವಿಪಿಎನ್‌ಗಳು ಕಡಿದುಹೋದಾಗ ಎಲ್ಲ ಸಂಚಾರವನ್ನೂ ಬೇಕೆಂದೇ ತಡೆಯುತ್ತವೆ.

ವಿಂಡೋಸ್‌ನ ನೆಟ್‌ವರ್ಕ್ ರೀಸೆಟ್ ಬಟನ್ ಕೊನೆಗೆ ಇಟ್ಟುಕೊಳ್ಳಿ. ಅದು ಅಡಾಪ್ಟರ್‌ಗಳನ್ನು ತೆಗೆದು ಮತ್ತೆ ಹಾಕುತ್ತದೆ, ವಿಪಿಎನ್‌ನಂಥವನ್ನು ಮತ್ತೆ ಜೋಡಿಸಬೇಕಾಗಬಹುದು, ಮೇಲಾಗಿ ಏನು ಕೆಟ್ಟಿತ್ತು ಅನ್ನುವ ಸುಳಿವೆಲ್ಲ ಅಳಿಸಿಹೋಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲಸ ಮಾಡದಿದ್ದರೆ ಮೊದಲಿನಂತೆ ಮಾಡಿ, ಆಮೇಲೆ ಮುಂದಿನದು. ಐದು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದರೆ ಹಳೆಯ ತೊಂದರೆಯ ಮೇಲೆ ಹೊಸದು ಕೂರುತ್ತದೆ.

ಗೇಟ್‌ವೇ ಉತ್ತರ ಕೊಡುತ್ತಿದೆ, ಅದರಾಚೆ ಏನೂ ಇಲ್ಲ, ಎಲ್ಲ ಸಾಧನದಲ್ಲೂ ಹೀಗೇ ಅಂತ ಖಚಿತವಾದರೆ ದಾರಿಯ ಹೆಜ್ಜೆಗಳನ್ನು ಒಂದೊಂದಾಗಿ ತೋರಿಸುವ ಟ್ರೇಸರ್ಟ್ (tracert) 8.8.8.8 ಅಂತ ಕೊಟ್ಟು ಎಷ್ಟನೆಯ ಹೆಜ್ಜೆಯಲ್ಲಿ ನಿಂತಿತು ಅಂತ ಬರೆದುಕೊಳ್ಳಿ. ಕಂಪನಿಗೆ ಕರೆ ಮಾಡಿದಾಗ "ನೆಟ್ ಬರುತ್ತಿಲ್ಲ" ಅನ್ನುವ ಬದಲು ಯಾವ ದೀಪ ಯಾವ ಬಣ್ಣ, ರೌಟರ್‌ವರೆಗೆ ಪಿಂಗ್ ಹೋಗುತ್ತಿದೆ, ಹೊರಗೆ ಹೋಗುತ್ತಿಲ್ಲ, ಯಾವಾಗಿನಿಂದ ಹೀಗಿದೆ, ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ. ಆಗ ಅವರು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿಸುವ ಹಂತ ಬಿಟ್ಟು ನೇರವಾಗಿ ಲೈನ್ ನೋಡಲು ಶುರುಮಾಡಬಹುದು.