ಬೇರೆ ಬೇರೆ ಕಂಪನಿಯ ಓಎಲ್‌ಟಿಗಳಿಗೆ ಒಂದೇ ಓಪನ್ ಸೋರ್ಸ್ ತಂತ್ರಾಂಶ ಸಾಕೇ?

ಪ್ರಶ್ನೆ: ನಮ್ಮ ಫೈಬರ್ ಜಾಲದಲ್ಲಿ ಮೂರು ಕಂಪನಿಗಳ ಓಎಲ್‌ಟಿಗಳಿವೆ (ಓಎಲ್‌ಟಿ ಎಂದರೆ ನಮ್ಮ ಕಡೆ ಇದ್ದು ಮನೆಗಳ ಫೈಬರ್ ಸಂಪರ್ಕಗಳನ್ನು ನಿಯಂತ್ರಿಸುವ ಉಪಕರಣ). ಪ್ರತಿಯೊಂದಕ್ಕೂ ಅದರದ್ದೇ ನಿರ್ವಹಣಾ ತಂತ್ರಾಂಶ, ಅದರದ್ದೇ ಲೈಸೆನ್ಸ್. ಎಲ್ಲವನ್ನೂ ಒಂದೇ ಓಪನ್ ಸೋರ್ಸ್ ತಂತ್ರಾಂಶದಿಂದ ನೋಡಿಕೊಳ್ಳಬಹುದೇ?

ಉತ್ತರ: ನೋಡಿಕೊಳ್ಳಬಹುದು. ಆದರೆ ಯಾವ ತಂತ್ರಾಂಶ ಎಂದು ಹುಡುಕುವ ಮೊದಲು, ನಿಮ್ಮಲ್ಲಿರುವ ಮಾದರಿಗಳಿಗೆ ಅಡಾಪ್ಟರ್ (ಸಾಮಾನ್ಯ ಆದೇಶವನ್ನು ಆಯಾ ಉಪಕರಣದ ಭಾಷೆಗೆ ಬದಲಿಸುವ ತಂತ್ರಾಂಶದ ತುಣುಕು) ಯಾರು ಬರೆಯುತ್ತಾರೆ, ಮುಂದೆ ಅದನ್ನು ಯಾರು ಸುಸ್ಥಿತಿಯಲ್ಲಿ ಇಡುತ್ತಾರೆ ಎಂದು ವಿಚಾರಿಸಿ. ಉಳಿದದ್ದೆಲ್ಲ ಆಮೇಲಿನ ಮಾತು.

ಹೊಸ ಗ್ರಾಹಕರೊಬ್ಬರಿಗೆ ಸಂಪರ್ಕ ಕೊಡುವ ಕೆಲಸವನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆಯಾದ ಓಎನ್‌ಯು ಆನ್ ಆದಾಗ ತನ್ನ ಸೀರಿಯಲ್ ನಂಬರನ್ನು ಓಎಲ್‌ಟಿಗೆ ತಿಳಿಸುತ್ತದೆ. ಜಿಪಾನ್ ಎಂಬ ಫೈಬರ್ ಮಾನದಂಡದಲ್ಲಿ ಇದು ತಯಾರಕರನ್ನು ಸೂಚಿಸುವ ನಾಲ್ಕು ಅಕ್ಷರ, ಅದರ ಹಿಂದೆ ಎಂಟು ಹೆಕ್ಸ್ ಅಂಕಿ. ಆ ನಂಬರನ್ನು ದಾಖಲಿಸಿ, ಅಪ್‌ಲೋಡ್ ದಿಕ್ಕಿನ ಬ್ಯಾಂಡ್‌ವಿಡ್ತ್‌ಗೆ ಟಿ-ಕಾಂಟ್ (ಅಪ್‌ಲೋಡ್‌ನ ಪಾಲು) ಕೊಟ್ಟು, ಜೆಮ್ ಪೋರ್ಟ್ (ಮಾಹಿತಿ ಹರಿಯುವ ದಾರಿ) ತೆರೆದು, ಅದಕ್ಕೆ ವಿಲ್ಯಾನ್ (ಒಂದು ಸೇವೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು) ಜೋಡಿಸಬೇಕು. ಯಾವ ಕಂಪನಿಯ ಓಎಲ್‌ಟಿ ಆದರೂ ಕೆಲಸ ಇಷ್ಟೇ. ಕಮಾಂಡ್‌ಗಳು ಮಾತ್ರ ಒಂದರಂತೆ ಒಂದಿಲ್ಲ. ಒಂದರಲ್ಲಿ ಮೊದಲು ಪ್ರೊಫೈಲ್ ಕಟ್ಟಿ ಆಮೇಲೆ ಓಎನ್‌ಯುಗೆ ಅಂಟಿಸಬೇಕು, ಇನ್ನೊಂದರಲ್ಲಿ ಪೋರ್ಟ್‌ನ ಒಳಗೆ ಹೋಗಿ ಸಾಲುಸಾಲಾಗಿ ಬರೆಯಬೇಕು. ಈ ವ್ಯತ್ಯಾಸವನ್ನು ಯಾವ ಓಪನ್ ಸೋರ್ಸ್ ತಂತ್ರಾಂಶವೂ ಅಳಿಸುವುದಿಲ್ಲ, ಅಡಾಪ್ಟರ್ ಎಂಬ ಒಂದು ಜಾಗಕ್ಕೆ ತಂದು ಕೂರಿಸುತ್ತದೆ, ಅಷ್ಟೇ. ಆದರೆ ಅದು ಸಣ್ಣ ಲಾಭವಲ್ಲ. ಬಿಲ್ಲಿಂಗ್ ತಂತ್ರಾಂಶ ಮೂರು ಭಾಷೆ ಕಲಿಯುವ ಬದಲು ಒಂದೇ ಭಾಷೆಯಲ್ಲಿ ಮಾತಾಡಿದರೆ ಸಾಕು.

ಮಾನದಂಡ ರೂಪಿಸುವ ಬ್ರಾಡ್‌ಬ್ಯಾಂಡ್ ಫೋರಂ ಎಂಬ ಸಂಸ್ಥೆಯ ಓಪನ್ ಸೋರ್ಸ್ ತಂತ್ರಾಂಶ ಓಬಿ-ಬಿಎಎ ಈ ವಿಚಾರದ ಮೇಲೆಯೇ ನಿಂತಿದೆ. ಮೇಲಿನಿಂದ ನೆಟ್‌ಕಾನ್ಫ್ ಎಂಬ ಉಪಕರಣ ನಿರ್ವಹಣಾ ಪ್ರೋಟೊಕಾಲ್ ಮೂಲಕ ಆದೇಶ ಬರುತ್ತದೆ. ಟಿ-ಕಾಂಟ್, ಜೆಮ್ ಪೋರ್ಟ್‌ಗಳನ್ನು ಹೇಗೆ ಬಣ್ಣಿಸಬೇಕು ಎಂಬುದನ್ನು ಟಿಆರ್-385 ಎಂಬ ಯಾಂಗ್ ಮಾದರಿ (ಉಪಕರಣದ ಸೆಟ್ಟಿಂಗ್‌ಗಳನ್ನು ಬರೆಯುವ ಸಿದ್ಧ ನಮೂನೆ) ಹೇಳುತ್ತದೆ. ಉಪಕರಣ ಈ ಮಾದರಿಯನ್ನು ನೇರವಾಗಿ ಒಪ್ಪಿದರೆ ಸಾಮಾನ್ಯ ಅಡಾಪ್ಟರ್ ಸಾಕು, ಒಪ್ಪದಿದ್ದರೆ ಆ ಉಪಕರಣಕ್ಕೆಂದೇ ಬರೆದ ಅಡಾಪ್ಟರ್ ಬೇಕು. ಈಗಿರುವ ಉಪಕರಣಗಳನ್ನು ಎಸೆಯದೆ ಬದಲಾವಣೆ ತರಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಓಪನ್ ನೆಟ್‌ವರ್ಕಿಂಗ್ ಫೌಂಡೇಶನ್‌ನಲ್ಲಿ ಬೆಳೆದ ವೋಲ್ತಾ ಎಂಬ ಓಪನ್ ಸೋರ್ಸ್ ತಂತ್ರಾಂಶದ ದಾರಿ ಬೇರೆ. ಅದು ಓಎಲ್‌ಟಿ, ಓಎನ್‌ಯು ಎಲ್ಲವನ್ನೂ ಸೇರಿಸಿ ಇಡೀ ಪಾನ್ ಜಾಲವನ್ನು (ಒಂದು ಫೈಬರನ್ನು ಸ್ಪ್ಲಿಟರ್‌ನಿಂದ ಹಲವು ಮನೆಗಳಿಗೆ ಹಂಚುವ ಜಾಲ) ಒಂದು ಈಥರ್‌ನೆಟ್ ಸ್ವಿಚ್‌ನಂತೆ ಮೇಲಿನ ಕಂಟ್ರೋಲರ್‌ಗೆ ತೋರಿಸುತ್ತದೆ. ಅದಕ್ಕೆ ಓಎಲ್‌ಟಿಯೊಳಗೆ ಓಪನ್‌ಓಎಲ್‌ಟಿ ಏಜೆಂಟ್ ಎಂಬ ತಂತ್ರಾಂಶ ಓಡಬೇಕು, ಎಂದರೆ ಅದಕ್ಕೆ ಅವಕಾಶವಿರುವ ಹಾರ್ಡ್‌ವೇರ್ ಬೇಕು. ಜರ್ಮನಿಯ ಡಾಯ್ಚ ಟೆಲಿಕಾಂ ತನ್ನ ಆ್ಯಕ್ಸೆಸ್ 4.0 ಯೋಜನೆಯಲ್ಲಿ ವೋಲ್ತಾ ಬಳಸಿದೆ. ಕುಬರ್ನೆಟಿಸ್, ಕಾಫ್ಕಾದಂತಹ ಸರ್ವರ್ ತಂತ್ರಾಂಶಗಳನ್ನೆಲ್ಲ ಬಲ್ಲ ತಂಡವಿದ್ದು, ಹೊಸ ಉಪಕರಣ ಕೊಳ್ಳುವ ಹಂತದಲ್ಲಿದ್ದರೆ ಖಂಡಿತ ಪರಿಶೀಲಿಸಿ. ತಂಡ ಚಿಕ್ಕದಾಗಿದ್ದರೆ ಬೇಡ.

ನಿಮ್ಮ ಓಎಲ್‌ಟಿಗಳಿಗೆ ಎಸ್‌ಎನ್‌ಎಂಪಿ (ಉಪಕರಣದ ಸ್ಥಿತಿಗತಿ ಓದುವ ಹಳೆಯ ಪ್ರೋಟೊಕಾಲ್) ಮತ್ತು ಕಮಾಂಡ್ ಲೈನ್ ಬಿಟ್ಟು ಬೇರೇನೂ ಬರದಿದ್ದರೆ? ಹಳೆಯ ಜಾಲಗಳಲ್ಲಿ ಇದೇ ಹೆಚ್ಚು. ಆಗ ನಿಯಂತ್ರಣದ ಆಸೆಯನ್ನು ಸ್ವಲ್ಪ ಬದಿಗಿಟ್ಟು, ಮೊದಲು ನಿಗಾ ಇಡುವುದನ್ನು ಒಂದೆಡೆಗೆ ತನ್ನಿ. ಲಿಬ್ರೆಎನ್‌ಎಂಎಸ್ ಅಥವಾ ಝಾಬಿಕ್ಸ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಪ್ರತಿ ಓಎನ್‌ಯುಗೆ ತಲುಪುವ ಬೆಳಕಿನ ಮಟ್ಟವನ್ನು ದಾಖಲಿಸುತ್ತಾ ಹೋಗಿ. ಬಿ+ ದರ್ಜೆಯ ಜಿಪಾನ್‌ನಲ್ಲಿ ಓಎನ್‌ಯು ಗ್ರಹಿಸಬಲ್ಲ ಕನಿಷ್ಠ ಮಟ್ಟ -27 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ; ಸೊನ್ನೆಯಿಂದ ಕೆಳಗಿಳಿದಷ್ಟೂ ಬೆಳಕು ಮಂಕು). ಒಂದು ಮನೆಯ ಅಂಕಿ -21ರಿಂದ ಮೆಲ್ಲಗೆ -25ಕ್ಕೆ ಇಳಿಯುತ್ತಿದ್ದರೆ ಬಹುಶಃ ಫೈಬರ್ ಎಲ್ಲೋ ಬಾಗಿದೆ, ಇಲ್ಲವೇ ಕನೆಕ್ಟರ್‌ನಲ್ಲಿ ಕೊಳೆ ಕೂತಿದೆ. ಗ್ರಾಹಕರ ದೂರು ಬರುವ ಮೊದಲೇ ಇದು ನಿಮಗೆ ಕಾಣುತ್ತದೆ. ಒಂದೇ ಸ್ಪ್ಲಿಟರ್‌ನ ಮನೆಗಳೆಲ್ಲ ಒಟ್ಟಿಗೆ ಇಳಿದರೆ ತೊಂದರೆ ಸ್ಪ್ಲಿಟರ್‌ನಲ್ಲಿ ಅಥವಾ ಅದರ ಹಿಂದಿನ ಫೈಬರ್‌ನಲ್ಲಿ ಇದೆ ಎಂದು ಕೂತಲ್ಲೇ ಹೇಳಬಹುದು.

ಮನೆಯ ರೂಟರ್‌ಗಳನ್ನು ನಿರ್ವಹಿಸಲು ಜಿನೀಎಸಿಎಸ್ ಎಂಬ ಓಪನ್ ಸೋರ್ಸ್ ತಂತ್ರಾಂಶ ಇದೆ. ರೂಟರ್‌ಗಳನ್ನು ದೂರದಿಂದ ನಿರ್ವಹಿಸುವ ಮಾನದಂಡವಾದ ಟಿಆರ್-069 ಅರಿಯುವ ಸಾಧನ ಯಾವ ಕಂಪನಿಯದ್ದಾದರೂ ವೈಫೈ ಪಾಸ್‌ವರ್ಡ್ ಬದಲಿಸುವುದು, ಫರ್ಮ್‌ವೇರ್ ಕಳಿಸುವುದು ಸಾಧ್ಯ. ಒಂದು ಎಚ್ಚರಿಕೆ: ಅದರ 7557 ಪೋರ್ಟ್‌ನ ಎಪಿಐ (ಬೇರೆ ತಂತ್ರಾಂಶಗಳು ಆದೇಶ ಕಳಿಸುವ ದಾರಿ) ಯಾವ ಪಾಸ್‌ವರ್ಡನ್ನೂ ಕೇಳುವುದಿಲ್ಲ. ಅದು ಇಂಟರ್‌ನೆಟ್‌ಗೆ ತೆರೆದಿದ್ದರೆ ಗ್ರಾಹಕರ ಎಲ್ಲ ರೂಟರ್‌ಗಳೂ ಯಾರ ಕೈಗೆ ಬೇಕಾದರೂ ಸಿಗುತ್ತವೆ. ಫೈರ್‌ವಾಲ್ ಹಾಕದೆ ಆ ಸರ್ವರ್ ಆನ್ ಮಾಡಲೇಬೇಡಿ.

ಓಬಿ-ಬಿಎಎ ಕಡೆಗೆ ಹೋಗುವುದಾದರೆ ಬದಿಗೆ ಒಂದು ಓಎಲ್‌ಟಿ, ಎರಡು ಕಂಪನಿಗಳ ಓಎನ್‌ಯು ಇಟ್ಟು ಪ್ರಯೋಗ ಮಾಡಿ. ಸಂಪರ್ಕ ಕೊಡುವುದು ಮೊದಲ ಯತ್ನದಲ್ಲೇ ಆಗಿಬಿಡಬಹುದು, ಅದನ್ನು ನೋಡಿ ನಿರ್ಧರಿಸಬೇಡಿ. ಓಎಲ್‌ಟಿಯ ಫರ್ಮ್‌ವೇರ್ ಒಂದು ಆವೃತ್ತಿ ಮೇಲೇರಿಸಿ, ಅದೇ ಅಡಾಪ್ಟರ್‌ನಿಂದ ಮತ್ತೆ ಸಂಪರ್ಕ ಕೊಡಲು ಪ್ರಯತ್ನಿಸಿ. ಅಲ್ಲಿ ಕೆಟ್ಟರೆ ಸರಿಪಡಿಸಲು ನಿಮ್ಮಲ್ಲಿ ಯಾರಿದ್ದಾರೆ, ಎಷ್ಟು ಸಮಯ ಹಿಡಿಯಿತು ಎಂಬುದರ ಮೇಲೆ ಉಳಿದ ಎರಡು ಕಂಪನಿಗಳ ಓಎಲ್‌ಟಿಗಳನ್ನು ಸೇರಿಸಬೇಕೋ ಬೇಡವೋ ತೀರ್ಮಾನಿಸಿ.