ತಡವಾದ ಪ್ರೊಸೆಸರ್‌ಗೆ ಎಷ್ಟು ದಿನ ಕಾಯೋದು?

"ಹೊಸ ಪ್ರೊಸೆಸರ್ ಬರುತ್ತಂತೆ, ಅಲ್ಲಿಯವರೆಗೆ ತಡೆಯೋದೇ ಒಳ್ಳೇದು ಅಲ್ವಾ?" ಕಂಪ್ಯೂಟರ್ ಜೋಡಿಸಿಕೊಡುವ ನನ್ನಂಥವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನಾನು ತಿರುಗಿ ಕೇಳುವುದು ಇಷ್ಟೇ: ದಿನಾಂಕ ಹೇಳಿದ್ದು ಕಂಪನಿಯಾ, ಇಲ್ಲ ಗಾಳಿಸುದ್ದಿಯಾ?

ತಡದಲ್ಲೂ ಎರಡು ಬಗೆ. 2024ರಲ್ಲಿ ಎಎಂಡಿ ಕಂಪನಿಯ ರೈಜೆನ್ 9000 ಪ್ರೊಸೆಸರ್ ಸರಣಿ ಜುಲೈ 31ಕ್ಕೆ ಬರಬೇಕಿತ್ತು. ಮೊದಲು ತಯಾರಾದ ಚಿಪ್‌ಗಳ ಗುಣಮಟ್ಟ ಸಾಲದು ಅಂತ ಎಎಂಡಿ ಮುಂದೂಡಿತು. ಎರಡು ಮಾಡೆಲ್ ಆಗಸ್ಟ್ 8ಕ್ಕೆ ಬಂದವು, ಇನ್ನೆರಡು 15ಕ್ಕೆ. ಇಂಥದ್ದಕ್ಕೆ ಧಾರಾಳವಾಗಿ ಕಾಯಿರಿ. ಆದರೆ ಚಿಪ್ ಮಾಡುವ ವಿಧಾನವೇ ಕೈಕೊಟ್ಟರೆ ಕಥೆ ಬೇರೆ. ಇಂಟೆಲ್‌ನ 10 ನ್ಯಾನೋಮೀಟರ್ ವಿಧಾನ (ಸಂಖ್ಯೆ ಚಿಕ್ಕದಾದಷ್ಟೂ ಹೊಸ ತಲೆಮಾರಿನ ವಿಧಾನ) ವರ್ಷ ವರ್ಷ ಮುಂದಕ್ಕೆ ಹೋಯಿತು. 2015ರ ಸ್ಕೈಲೇಕ್ ತಲೆಮಾರಿನಿಂದ ಹಿಡಿದು 2021ರ ರಾಕೆಟ್ ಲೇಕ್ ತನಕ ಅದರ ಡೆಸ್ಕ್‌ಟಾಪ್ ಚಿಪ್‌ಗಳೆಲ್ಲ 14 ನ್ಯಾನೋಮೀಟರ್‌ನವೇ. 10 ನ್ಯಾನೋಮೀಟರ್ ಚಿಪ್‌ಗೆ ಕಾದು ಕೂತವರ ಹಳೇ ಯಂತ್ರ ಅಷ್ಟರಲ್ಲಿ ಮುದಿಯಾಗಿತ್ತು.

ನನ್ನ ಪ್ರಕಾರ ಚಿಪ್‌ಗಿಂತ ಮೊದಲು ನೋಡಬೇಕಾದ್ದು ಸಾಕೆಟ್, ಅಂದರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ. ಇಂಟೆಲ್‌ನ ಬ್ರಾಡ್‌ವೆಲ್ ನೆನಪಿದೆಯಾ? ಹ್ಯಾಸ್ವೆಲ್ ಬಂದದ್ದು 2013ರಲ್ಲಿ. ಅದರ ಮುಂದಿನ ತಲೆಮಾರಾದ ಬ್ರಾಡ್‌ವೆಲ್ ಎಳೆದೂ ಎಳೆದೂ ಡೆಸ್ಕ್‌ಟಾಪ್‌ಗೆ ಬಂದಾಗ 2015ರ ಜೂನ್. ಕೂರುತ್ತಿದ್ದದ್ದು ಹಳೇ ಎಲ್‌ಜಿಎ 1150 ಸಾಕೆಟ್‌ನಲ್ಲೇ, ಅದೂ 9 ಸರಣಿಯ ಚಿಪ್‌ಸೆಟ್ (ಬೋರ್ಡ್‌ನ ನಿಯಂತ್ರಕ ಚಿಪ್) ಇರುವ ಬೋರ್ಡ್ ಬೇಕಿತ್ತು. ಎರಡೇ ತಿಂಗಳಿಗೆ ಸ್ಕೈಲೇಕ್ ಬಂತು. ಸಾಕೆಟ್ ಹೊಸದು, ಜೊತೆಗೆ ಹೊಸ ಬಗೆಯ ಡಿಡಿಆರ್4 ರ‍್ಯಾಮ್. ಅಷ್ಟು ಕಾದು ಬ್ರಾಡ್‌ವೆಲ್ ಕೊಂಡವರಿಗೆ ಆ ಬೋರ್ಡ್‌ನಲ್ಲಿ ಮುಂದಿನ ದಾರಿಯೇ ಇರಲಿಲ್ಲ. ಎಎಂಡಿಯ ಎಎಂ4 ಸಾಕೆಟ್ ಇದಕ್ಕೆ ತೀರಾ ಉಲ್ಟಾ. 2017ರ ಎಷ್ಟೋ ಬೋರ್ಡ್‌ಗಳು ಬಯಾಸ್ (ಬೋರ್ಡ್‌ನಲ್ಲೇ ಇರುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ರೈಜೆನ್ 5000 ಸರಣಿಯನ್ನೂ ನಡೆಸುತ್ತವೆ. ಅಂಥ ಬೋರ್ಡ್ ಇದ್ದವರು ಇವತ್ತು ಸಿಗೋ ಚಿಪ್ ಕೊಂಡರೂ ನಷ್ಟವಿಲ್ಲ.

ಇನ್ನು, ನಿಮಗೆ ನಿಜಕ್ಕೂ ಪ್ರೊಸೆಸರ್ ಬೇಕಾ? ಯಂತ್ರ ತಡವರಿಸುವ ಕೆಲಸವನ್ನೇ ಶುರು ಮಾಡಿ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಬಳಕೆ ಶೇ. 100ಕ್ಕೆ ಅಂಟಿಕೊಂಡು ಸಿಪಿಯು (ಪ್ರೊಸೆಸರ್) ಆರಾಮಾಗಿದ್ದರೆ ಬೇಕಿರುವುದು ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್. ಗೇಮ್ ಆಡುವವರು ರೆಸಲ್ಯೂಶನ್ ಇಳಿಸಿ ನೋಡಿ. ಸೆಕೆಂಡಿಗೆ ಕಾಣುವ ಫ್ರೇಮ್ ಜಾಸ್ತಿಯಾದರೆ ಒದ್ದಾಡುತ್ತಿರುವುದು ಗ್ರಾಫಿಕ್ಸ್ ಕಾರ್ಡ್. ಆಗದಿದ್ದರೆ ಮಾತ್ರ ಅನುಮಾನ ಪ್ರೊಸೆಸರ್ ಮೇಲೆ. ಎಷ್ಟೋ ಜನರ ಕಾಯುವಿಕೆ ಇಲ್ಲಿಗೇ ಮುಗಿಯುತ್ತದೆ.

ಬಿಡುಗಡೆಯಾದ ದಿನವೇ ಕೈಗೆ ಸಿಗುತ್ತೆ ಅನ್ನೋ ನಂಬಿಕೆಯೂ ಬೇಡ. 2020ರ ನವೆಂಬರ್‌ನಲ್ಲಿ ಬಂದ ರೈಜೆನ್ 5000 ಚಿಪ್‌ಗಳು ಶುರುವಿನಲ್ಲಿ ಖಾಲಿಯೋ ಖಾಲಿ.

ಕೆಲವರು ಬೋರ್ಡ್, ರ‍್ಯಾಮ್ ಎಲ್ಲ ಮೊದಲೇ ಕೊಂಡಿಟ್ಟು ಪ್ರೊಸೆಸರ್‌ಗೆ ದಾರಿ ನೋಡುತ್ತಾರೆ. ಇದು ನನಗೆ ಸುತಾರಾಂ ಇಷ್ಟವಿಲ್ಲ. ಪ್ರೊಸೆಸರ್ ಇಲ್ಲದೆ ಬೋರ್ಡ್ ಸರಿ ಇದೆಯಾ ಅಂತ ಪರೀಕ್ಷೆ ಮಾಡೋದು ಹೇಗೆ? ಡಬ್ಬ ಬಿಚ್ಚುವಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ, ವಾರಂಟಿಯೂ ಸುಮ್ನೆ ಕರಗುತ್ತಿರುತ್ತದೆ. ಈಗಲೇ ಕೊಳ್ಳಬಹುದಾದ್ದು ಎಸ್‌ಎಸ್‌ಡಿ ಒಂದೇ. ಅದನ್ನು ಹಳೇ ಯಂತ್ರಕ್ಕೇ ಹಾಕಿ ಬಳಸುತ್ತಿರಿ, ಹೊಸದು ಬಂದಾಗ ಕಳಚಿ ಹಾಕಿಕೊಳ್ಳಬಹುದು. ನೇರ ಬೋರ್ಡ್‌ಗೇ ಸಿಕ್ಕಿಸುವ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಆದರೆ ಹಳೇ ಬೋರ್ಡ್‌ನಲ್ಲಿ ಅದನ್ನು ನಡೆಸುವ ಎಂ.2 ಸ್ಲಾಟ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ.